ಸಣ್ಣ ಬೇಸ್ ಗಿಟಾರು ಆಟಿಗೆ ಸಾಮಾನೇನು? ಮೂಡಲಗಿಯ ಒಂದು ಪ್ರಶ್ನೆ, ತೊಂಬತ್ತು ವರ್ಷದ ಉತ್ತರ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಎಪಿಸೋಡಿಗೆ ಅದು ಬೇಕು. ಯಾಕಂದ್ರೆ ಇವತ್ತು ಮಾತಾಡ್ತಿರೋದು ಮೊಬೈಲ್ ಸ್ಪೀಕರಿನಲ್ಲಿ ಸರಿಯಾಗಿ ಕೇಳಿಸದ ಒಂದು ಸದ್ದಿನ ಬಗ್ಗೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಮೀಟಿದ್ರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಹೊರಡಿಸುವ ತಾಕತ್ತು ನಮ್ಮ ಫೋನಿನ ಸ್ಪೀಕರಿಗೆ ಇಲ್ಲ. ಹಾಡಿನಲ್ಲಿ ಬೇಸ್ ಇರುತ್ತದೆ, ನಮಗೆ ಕೇಳಿಸೋದಿಲ್ಲ, ಅಷ್ಟೇ.

ಈ ಎಪಿಸೋಡು ಹುಟ್ಟಿದ್ದು ಒಂದು ಫೋನ್ ಕಾಲಿನಿಂದ. ಮೂಡಲಗಿಯಲ್ಲಿರೋ ನಮ್ಮ ಕಾಕಾನ ಮಗಳು, ಡಿಗ್ರಿ ಮೊದಲ ವರ್ಷ, ಒಂದು ರಾತ್ರಿ ಹತ್ತರ ಮೇಲೆ ಫೋನ್ ಮಾಡಿದಳು. ದನಿ ಸಣ್ಣಗೆ.

"ಅಣ್ಣಾ, ನನ್ನ ಕಡೆ ಹದಿನಾಲ್ಕು ಸಾವಿರ ಅದಾವು. ಬೇಸ್ ಗಿಟಾರ ತಗೋಬೇಕಂತ ಮಾಡೇನಿ. ಅಪ್ಪಗ ಇನ್ನಾ ಹೇಳಿಲ್ಲ."

ಆ ಹದಿನಾಲ್ಕು ಸಾವಿರ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಓಣಿಯವರ ಸೀರೆಗೆ ಫಾಲ್ ಹಚ್ಚಿ, ಪೀಕೋ ಹೊಡೆದು, ಬ್ಲೌಸಿಗೆ ಹುಕ್ ಹಾಕಿ ಎರಡು ವರ್ಷದಿಂದ ಕೂಡಿಸಿದ ರೊಕ್ಕ. ಒಂದು ಅಂಗಡಿಗೆ ಹೋಗಿ ಕೇಳಿದ್ದಳಂತೆ. ಅಂಗಡಿಯವರು ಅವಳ ಎತ್ತರ ನೋಡಿ, ನಾಲ್ಕು ಅಡಿ ಹನ್ನೊಂದು ಇಂಚು, "ನಿಮಗ ಉಕುಲೇಲೆ ಚಲೋ ಆಗತೈತಿ ನೋಡ್ರಿ" ಅಂದರಂತೆ. ಆನ್‌ಲೈನಿನಲ್ಲಿ ಹುಡುಕಿದಾಗ 'ಶಾರ್ಟ್ ಸ್ಕೇಲ್' ಅನ್ನೋ ಹೆಸರು ಸಿಕ್ಕಿದೆ. ಕೆಳಗಿನ ಕಾಮೆಂಟಿನಲ್ಲಿ ಯಾರೋ ಬರೆದಿದ್ದಾರೆ, ಇದು ಮಕ್ಕಳ ಬೇಸು, ನಿಜವಾದ ಬೇಸು ಬೇಕಂದ್ರೆ 34 ಇಂಚಿನದು ತಗೊಳ್ಳಿ ಅಂತ.

"ಖರೇನ ಹೇಳಣ್ಣಾ. ಸಣ್ಣದು ತಗೊಂಡ್ರ ನಗತಾರೇನು?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಕಾರಣ ಇದೆ.

ನನ್ನ ನಾಲ್ಕು ಸಾವಿರದ ಲಾಸು

ನಾನು ಬಿ.ಕಾಂ. ಓದಿದವನು. ಹಗಲು ಗೋಕಾಕದಲ್ಲಿ ಲೆಕ್ಕ ಬರೆಯೋ ಕೆಲಸ, ರಾತ್ರಿ ಈ ಪಾಡ್‌ಕಾಸ್ಟು. ಎರಡು ವರ್ಷದ ಹಿಂದೆ ಗೆಳೆಯರೆಲ್ಲ ಸೇರಿ ಗಣಪತಿ ಹಬ್ಬಕ್ಕೆ ಒಂದು ಬ್ಯಾಂಡ್ ಮಾಡೋಣ ಅಂದಾಗ ನಾನು ಬೇಸ್ ಬಾರಿಸ್ತೀನಿ ಅಂತ ಕೈ ಎತ್ತಿದ್ದೆ. ಹನ್ನೊಂದು ಸಾವಿರ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಬೇಸ್ ತಂದೆ. 34 ಇಂಚು. ಅಳತೆ ಅನ್ನೋದು ಒಂದಿದೆ ಅಂತಾನೇ ನನಗೆ ಗೊತ್ತಿರಲಿಲ್ಲ. ನನ್ನ ಕೈಯೂ ಸಣ್ಣದೇ. ಮೊದಲ ಫ್ರೆಟ್ಟಿನ ಹತ್ತಿರ ನಾಲ್ಕು ಬೆರಳು ಹರಡಿ ಹಿಡಿಯಲು ಹೋಗಿ ಮಣಿಕಟ್ಟು ನೋವು ಶುರುವಾಯಿತು. ಮೂರು ತಿಂಗಳು ಹಲ್ಲು ಕಚ್ಚಿ ನೋಡಿದೆ. ಆಮೇಲೆ ಏಳು ಸಾವಿರಕ್ಕೆ ಮಾರಿದೆ.

ನಾಲ್ಕು ಸಾವಿರ ಹೋಗಿದ್ದು ಪುಸ್ತಕದಲ್ಲಿ ಬರೆದು ಮುಗಿಸಬಹುದಾದ ಲೆಕ್ಕ. ಬರೆಯಲಾಗದ್ದು ಬೇರೆ. "ಇದು ನನ್ನ ಕೈಲಿ ಆಗೋದಲ್ಲ" ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ತಂಗಿ ಫೋನ್ ಮಾಡಿದ ಮೇಲೆ ಈ 34 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ಓದಲು ಕುಂತೆ. ಓದುತ್ತಾ ಹೋದಂತೆ ನನ್ನ ತೀರ್ಮಾನದ ಮೇಲೆ ನನಗೇ ಸಿಟ್ಟು ಬಂತು.

ಸ್ಕೇಲ್ ಅಂದ್ರೆ ಏನು?

ಗಿಟಾರಿನ ತಲೆಯ ಹತ್ತಿರ ತಂತಿಗಳು ಹಾದುಹೋಗುವ ಒಂದು ಸಣ್ಣ ಪಟ್ಟಿ ಇರುತ್ತದೆ, ಅದಕ್ಕೆ ನಟ್ ಅಂತಾರೆ. ಕೆಳಗೆ ತಂತಿ ಕೂರುವ ಜಾಗ ಬ್ರಿಜ್. ಇವೆರಡರ ನಡುವೆ ತಂತಿ ಎಷ್ಟು ಉದ್ದ ಕಂಪಿಸುತ್ತದೋ ಅದೇ ಸ್ಕೇಲ್. ಇಡೀ ಗಿಟಾರಿನ ಉದ್ದ ಅಲ್ಲ. ಇವತ್ತು ಮಾರುಕಟ್ಟೆಯಲ್ಲಿ 34 ಇಂಚಿನದು ಲಾಂಗ್ ಸ್ಕೇಲ್, 30 ಇಂಚಿನ ಆಸುಪಾಸು ಇರೋದು ಶಾರ್ಟ್ ಸ್ಕೇಲ್, ನಡುವೆ 32 ಇಂಚಿನ ಮೀಡಿಯಂ. 28.6 ಇಂಚಿನ ಇನ್ನೂ ಸಣ್ಣವೂ ಇವೆ.

ನಾಲ್ಕು ಇಂಚಿನಲ್ಲಿ ಏನು ವ್ಯತ್ಯಾಸ ಅಂತೀರಾ? ಲೆಕ್ಕ ಹಾಕಿ ನೋಡಿದೆ. ತೋರುಬೆರಳು ಮೊದಲ ಫ್ರೆಟ್ಟಿಗೆ, ಕಿರುಬೆರಳು ನಾಲ್ಕನೇ ಫ್ರೆಟ್ಟಿಗೆ ಇಟ್ಟರೆ, 34 ಇಂಚಿನ ಬೇಸಿನಲ್ಲಿ ಆ ಫ್ರೆಟ್ಟುಗಳ ಅಂತರ ಸುಮಾರು 13 ಸೆಂಟಿಮೀಟರ್. 30 ಇಂಚಿನದರಲ್ಲಿ ಹನ್ನೊಂದೂವರೆ. 28.6 ಇಂಚಿನದರಲ್ಲಿ 11ಕ್ಕಿಂತ ಒಂದು ಗೆರೆ ಕಡಿಮೆ. ಒಂದೂವರೆ ಸೆಂಟಿಮೀಟರ್ ಅಂದ್ರೆ ಸಣ್ಣದು ಅನಿಸುತ್ತದೆ. ನಿಮ್ಮ ಬೆರಳು ಪೂರ್ತಿ ಹರಡಿದ ಮೇಲೆ ಇನ್ನೂ ಒಂದೂವರೆ ಸೆಂಟಿಮೀಟರ್ ಹರಡಿ ನೋಡಿ, ಆಗ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಬಿಗಿತ. ತಂತಿಯ ಸ್ವರ ಮೂರರ ಮೇಲೆ ನಿಂತಿದೆ: ಉದ್ದ, ಬಿಗಿತ, ತೂಕ. ಫ್ರಾನ್ಸಿನ ಮರೆನ್ ಮೆರ್ಸೆನ್ ಅನ್ನೋ ಪಾದ್ರಿ 1636ರ ಹೊತ್ತಿಗೇ ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದ. ಅದೇ ಲೆಕ್ಕದಲ್ಲಿ ಅದೇ ತಂತಿಯನ್ನು ಅದೇ ಸ್ವರಕ್ಕೆ 34ರ ಬದಲು 30 ಇಂಚಿನಲ್ಲಿ ಕಟ್ಟಿದರೆ ಬಿಗಿತ ಸುಮಾರು ನೂರಕ್ಕೆ 22ರಷ್ಟು ಇಳಿಯುತ್ತದೆ. ಬೆರಳಿಗೆ ಹಗುರ. ಆದರೆ ಅತಿ ದಪ್ಪ ತಂತಿ ಸ್ವಲ್ಪ ಸಡಿಲಾಗಿ, ಸದ್ದು ಗುಂಡಗೆ, ಮಸುಕಾಗಿ ಕೇಳಿಸಬಹುದು. ಅದಕ್ಕೇ ಶಾರ್ಟ್ ಸ್ಕೇಲಿಗೆ ಒಂದು ನಂಬರ್ ದಪ್ಪ ತಂತಿ ಹಾಕೋರು ಇದ್ದಾರೆ. ಇದನ್ನು ಕೊರತೆ ಅನ್ನಿ, ಗುಣ ಅನ್ನಿ, ಮುಚ್ಚಿಡಬೇಕಾದ್ದಲ್ಲ.

ಸಿಯಾಟಲ್, ಕ್ಯಾಲಿಫೋರ್ನಿಯಾ, ಹ್ಯಾಂಬರ್ಗ್

ಈಗ ಇತಿಹಾಸ. ಎಲೆಕ್ಟ್ರಿಕ್ ಬೇಸ್ ಬರುವ ಮೊದಲು ಬ್ಯಾಂಡುಗಳಲ್ಲಿ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಅದರ ತಂತಿಯೇ ಸುಮಾರು 41–42 ಇಂಚು. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಅನ್ನೋ ಸಂಗೀತಗಾರ ಇದ್ದ. ಅವನ ಬಗ್ಗೆ ಒಂದು ಕಥೆ ಹೇಳ್ತಾರೆ. ಬ್ಯಾಂಡಿನ ಮಿಕ್ಕವರೆಲ್ಲ ಒಂದೇ ಕಾರಿನಲ್ಲಿ ನಗುತ್ತಾ ಹೋಗುವಾಗ ಡಬಲ್ ಬೇಸಿನವನು ಮಾತ್ರ ಆ ದೊಡ್ಡ ವಾದ್ಯದ ಜೊತೆ ಬೇರೆ ಗಾಡಿಯಲ್ಲಿ ಒಬ್ಬನೇ ಹೋಗಬೇಕಿತ್ತು, ಅದನ್ನು ನೋಡಿ ಟಟ್‌ಮಾರ್ಕಿಗೆ ಕೆಟ್ಟದನಿಸಿತು ಅಂತ. ಆ ದಶಕದ ನಡುವೆ ಅವನು ಮಾಡಿದ್ದು ಆಡಿಯೋವಾಕ್ಸ್ 736. ಕೊರಳಿಗೆ ಹಾಕಿಕೊಂಡು ಅಡ್ಡ ಹಿಡಿದು ಬಾರಿಸುವ, ಫ್ರೆಟ್ ಇರುವ, ಕರೆಂಟಿನ ಬೇಸ್. ಅದರ ಸ್ಕೇಲ್ ಎಷ್ಟು ಗೊತ್ತಾ? ಸುಮಾರು 30 ಇಂಚು.

ಅಂದ್ರೆ ಇವತ್ತು ನಾವು ಗಿಟಾರಿನ ಹಾಗೆ ಹಿಡಿದು ಬಾರಿಸುವ ಎಲೆಕ್ಟ್ರಿಕ್ ಬೇಸಿನ ಮೊದಲ ರೂಪವೇ ಶಾರ್ಟ್ ಸ್ಕೇಲ್. ಆಡಿಯೋವಾಕ್ಸ್ ಹೆಚ್ಚು ಮಾರಾಟ ಆಗಲಿಲ್ಲ, ಮರೆತುಹೋಯಿತು. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಪ್ರಿಸಿಶನ್ ಬೇಸ್ ತಂದ. ಅದರದ್ದು 34 ಇಂಚು. ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆ, ಅದಕ್ಕೇ ಪ್ರಿಸಿಶನ್ ಅನ್ನೋ ಹೆಸರು. ಅದು ಗೆದ್ದಿತು. ಗೆದ್ದವನ ಅಳತೆಯೇ ಆಮೇಲೆ ಎಲ್ಲರ ಅಳತೆ ಆಯಿತು.

ಆದರೆ ಎಲ್ಲರೂ ಒಪ್ಪಿಕೊಳ್ಳಲಿಲ್ಲ. ಎರಡೇ ವರ್ಷದಲ್ಲಿ, 1953ರಲ್ಲಿ, ಗಿಬ್ಸನ್ ಕಂಪನಿ ಪಿಟೀಲಿನ ಆಕಾರದ ಬೇಸ್ ತಂದಿತು, ಸ್ಕೇಲ್ ಮೂವತ್ತೂವರೆ ಇಂಚು. ಜರ್ಮನಿಯಲ್ಲಿ ಹೋಫ್ನರ್ ಅನ್ನೋ ಕಂಪನಿ 1956ರಲ್ಲಿ 500/1 ಅನ್ನೋ ಬೇಸನ್ನು ಜನರ ಮುಂದಿಟ್ಟಿತು. ಅದೂ ಪಿಟೀಲಿನ ಆಕಾರ, ಅದೂ ಸುಮಾರು 30 ಇಂಚು. ಹೋಫ್ನರ್ ಮನೆತನದ ಮೂಲ ಕಸುಬು ಪಿಟೀಲು ಮಾಡುವುದೇ ಆಗಿತ್ತು.

1961ರಲ್ಲಿ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ಬಾರಿಸುತ್ತಿದ್ದ ಲಿವರ್‌ಪೂಲಿನ ಒಬ್ಬ ಹುಡುಗನಿಗೆ ಬೇಸ್ ಬೇಕಾಯಿತು. ಫೆಂಡರಿನ ಬೆಲೆ ಸುಮಾರು 100 ಪೌಂಡ್, ಅವನ ಕೈಗೆ ಎಟುಕದ್ದು. ಹೋಫ್ನರ್ ಸುಮಾರು 30 ಪೌಂಡಿಗೆ ಸಿಕ್ಕಿತು. ಜೊತೆಗೆ ಅವನು ಎಡಚ. ಎರಡೂ ಕಡೆ ಒಂದೇ ಥರ ಇರುವ ಪಿಟೀಲಿನ ಆಕಾರ ಎಡಗೈಯವನ ಕೊರಳಲ್ಲೂ ವಿಚಿತ್ರವಾಗಿ ಕಾಣೋದಿಲ್ಲ. ಆ ಹುಡುಗ ಪಾಲ್ ಮೆಕಾರ್ಟ್ನಿ, ಬ್ಯಾಂಡು ಬೀಟಲ್ಸ್. ಅಗ್ಗ ಅಂತ ತಗೊಂಡ ಆ ಸಣ್ಣ ಬೇಸು ಬೀಟಲ್ಸಿನ ಮೊದಲ ರೆಕಾರ್ಡುಗಳಲ್ಲಿದೆ. 1972ರಲ್ಲಿ ಲಂಡನ್ನಿನಲ್ಲಿ ಒಂದು ವ್ಯಾನಿನಿಂದ ಅದು ಕಳುವಾಯಿತು. ಐವತ್ತು ವರ್ಷ ದಾಟಿದ ಮೇಲೆ ಸಿಕ್ಕಿ, ಅದು ಅವರದ್ದೇ ಅಂತ ಖಾತ್ರಿಯಾಗಿ ಮರಳಿ ಬಂದ ಸುದ್ದಿ ಹೊರಬಂದದ್ದು 2024ರ ಫೆಬ್ರುವರಿಯಲ್ಲಿ.

ಹಾಗಾದ್ರೆ 'ಮಕ್ಕಳ ಬೇಸು' ಅನ್ನೋ ಹೆಸರು ಹೇಗೆ ಅಂಟಿತು? 1966ರಲ್ಲಿ ಫೆಂಡರ್ ಕಂಪನಿಯೇ 30 ಇಂಚಿನ ಮಸ್ಟಾಂಗ್ ಬೇಸ್ ತಂದಿತು. ಕಲಿಯುವವರಿಗಾಗಿ ಮಾಡುತ್ತಿದ್ದ ಕಡಿಮೆ ಬೆಲೆಯ ಗಿಟಾರುಗಳ ಸಾಲಿನಲ್ಲಿ ಅದನ್ನು ಇಟ್ಟಿತು. ಅಂದ್ರೆ ಇದೊಂದು ವ್ಯಾಪಾರದ ವಿಂಗಡಣೆ. ಕಾಮರ್ಸಿನವರಿಗೆ ಇದು ಬೇಗ ಅರ್ಥ ಆಗುತ್ತದೆ: ಒಂದೇ ಅಂಗಡಿ, ಎರಡು ಬೆಲೆ, ಎರಡು ಗಿರಾಕಿ. ಅಗ್ಗದ ಸಾಲಿನಲ್ಲಿ ಇಟ್ಟದ್ದು ಸಣ್ಣ ಅಳತೆಯದ್ದಾದ್ದರಿಂದ, ಸಣ್ಣ ಅಳತೆ ಅಂದ್ರೇನೇ ಅಗ್ಗ ಅಂತ ಜನ ತಿಳಿದರು.

ಸಂಗೀತಗಾರರು ಅದನ್ನು ಕೇಳಲಿಲ್ಲ. ನ್ಯೂಯಾರ್ಕಿನ ಟಾಕಿಂಗ್ ಹೆಡ್ಸ್ ಬ್ಯಾಂಡಿನ ಟೀನಾ ವೇಮೌತ್ ಮಸ್ಟಾಂಗನ್ನೂ ಹೋಫ್ನರನ್ನೂ ಬಾರಿಸಿದರು. ಅವರು ಸಣ್ಣ ಮೈಕಟ್ಟಿನವರು, ಅದಕ್ಕೇ ಅಂತೀರಾ? ಹಾಗಾದ್ರೆ ಸ್ಟ್ಯಾನ್ಲಿ ಕ್ಲಾರ್ಕ್ ನೋಡಿ. ಜಾಝ್ ಲೋಕದ ದೊಡ್ಡ ಹೆಸರು, ಎತ್ತರದ ಆಳು, ಉದ್ದುದ್ದ ಬೆರಳು, ಡಬಲ್ ಬೇಸನ್ನೂ ಸಲೀಸಾಗಿ ಬಾರಿಸುವವರು. ಅವರ ಕೈಯಲ್ಲಿರುವ ಅಲೆಂಬಿಕ್ ಬೇಸು ಶಾರ್ಟ್ ಸ್ಕೇಲ್. ಅದು ಅವರಿಗೆ ಅನಿವಾರ್ಯ ಅಲ್ಲ, ಅವರ ಆಯ್ಕೆ.

ಹುಕ್ಕೇರಿಯ ಮಾವ ಹೇಳಿದ್ದು

ಇದೆಲ್ಲ ಅಲ್ಲಿಯ ಮಾತಾಯಿತು. ನಮ್ಮ ಕಡೆ ಬೇಸ್ ಯಾರು ಬಾರಿಸ್ತಿದ್ರು? ಇದನ್ನು ಕೇಳಲು ಹುಕ್ಕೇರಿಯ ನಮ್ಮ ಸೋದರಮಾವನ ಹತ್ತಿರ ಹೋದೆ. ಅವರು ರಸಮಂಜರಿ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ಬಾರಿಸಿದವರು.

"ಮಾವಾ, ನಿಮ್ಮ ಪಾರ್ಟಿಯೊಳಗ ಬೇಸ್ ಗಿಟಾರ ಇತ್ತೇನ್ರಿ?" ಅಂದೆ.

ಅವರು ಎಡಗೈ ಎತ್ತಿ ತೋರಿಸಿದರು. "ಇದ ನೋಡ ನಮ್ಮ ಬೇಸ್ ಗಿಟಾರ. ಬಲಗೈಲೆ ಹಾಡ, ಎಡಗೈಲೆ ಬೇಸ. ಇನ್ನೊಬ್ಬಗ ಪಗಾರ ಯಾರ ಕೊಡಬೇಕಪಾ?"

ಇದು ನಮ್ಮ ಆರ್ಕೆಸ್ಟ್ರಾಗಳ ನಿಜವಾದ ಆರ್ಥಿಕ ಇತಿಹಾಸ. ಕೀಬೋರ್ಡ್ ಬಂದ ಮೇಲೆ ಬೇಸಿನವನ ಕೆಲಸ ಕೀಬೋರ್ಡಿನ ಎಡಗೈಗೆ ಹೋಯಿತು. 1985ರಲ್ಲಿ ರೋಲ್ಯಾಂಡ್ ಕಂಪನಿಯ ಆಕ್ಟಾಪ್ಯಾಡ್ ಬಂದ ಮೇಲೆ, ಕಾಲಕ್ರಮದಲ್ಲಿ, ಡ್ರಮ್ ಸೆಟ್ಟಿನ ಕೆಲಸ ಒಂದು ಪೆಟ್ಟಿಗೆಯೊಳಗೆ ಸೇರಿತು. ಟೆಂಪೋದಲ್ಲಿ ಜಾಗ ಉಳಿಯಿತು, ಜನ ಕಡಿಮೆಯಾದರು. ಸಿನಿಮಾ ಹಾಡುಗಳಲ್ಲಿ ಮಾತ್ರ ಬೇಸ್ ಗಿಟಾರು ಗಟ್ಟಿಯಾಗಿಯೇ ಇತ್ತು. ಶಂಕರ್‌ನಾಗ್ ಅವರ 'ಗೀತಾ' ಸಿನಿಮಾ, 1981, ಸಂಗೀತ ಇಳಯರಾಜಾ. ಅದರ ಹಾಡುಗಳನ್ನು ಇಯರ್‌ಫೋನ್ ಹಾಕಿಕೊಂಡು ಹಾಡುಗಾರರ ದನಿ ಬಿಟ್ಟು ಕೆಳಗಿನ ಸದ್ದನ್ನಷ್ಟೇ ಹಿಂಬಾಲಿಸಿ ನೋಡಿ. ಆ ಬೇಸು ತನ್ನದೇ ಒಂದು ಹಾಡು ಹಾಡುತ್ತಿರುತ್ತದೆ. ತಂಗಿಗೆ ಬೇಸಿನ ಹುಚ್ಚು ಹಿಡಿದದ್ದೂ ಹೀಗೇ.

ಮಾವ ಇನ್ನೊಂದು ಮಾತು ನೆನಪಿಸಿದರು. ಕರೆಂಟು ಇಲ್ಲದೆ ಎಲೆಕ್ಟ್ರಿಕ್ ಬೇಸ್ ಬರೀ ಕಟ್ಟಿಗೆ. ಹುಕ್ಕೇರಿಯಲ್ಲಿ ಕರೆಂಟಿಗೂ ಒಂದು ಕಥೆ ಇದೆ: 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ತಾಲ್ಲೂಕಿನ ಮನೆಗಳಿಗೆ ಕರೆಂಟು ಹಂಚುತ್ತಿರುವುದು ಜನರೇ ಸದಸ್ಯರಾಗಿರುವ ಒಂದು ಸಹಕಾರಿ ಸಂಘ. ಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ಆಂಪ್ಲಿಫೈಯರ್ ಹಚ್ಚುವುದು ಇಂಥ ಕಂಬ ನಿಂತ ಮೇಲಿನ ಮಾತು.

ಕಾಕಾನ ಪ್ರಶ್ನೆ

ಒಂದು ಭಾನುವಾರ ಮೂಡಲಗಿಗೆ ಹೋದೆ. ತಂಗಿ ಅಪ್ಪನಿಗೆ ಹೇಳಿಬಿಟ್ಟಿದ್ದಳು. ಕಾಕಾ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸ್ತಾರೆ, ಇಪ್ಪತ್ತು ವರ್ಷದಿಂದ. ಬೈಯಲಿಲ್ಲ. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು ಕೇಳಿದರು.

"ಅಲ್ಲೋ, ಸಣ್ಣ ಗಿಟಾರ ಅಂದ್ರ ಆಟಿಗಿ ಸಾಮಾನ ಅಲ್ಲೇನು? ಗೋಕಾಕದ ಕಟ್ಟಿಗಿ ಮಾವಿನಹಣ್ಣ ತಂದು ತಿನ್ನ ಅಂದಂಗ ಆಗಬಾರದ ನೋಡ. ಆಕಿ ದುಡದ ರೊಕ್ಕ ಅದು."

ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣು ನೋಡಿದವರಿಗೆ ಈ ಮಾತಿನ ಪೆಟ್ಟು ಗೊತ್ತಾಗುತ್ತದೆ. ಕಾಕಾನ ಭಯ ಸುಳ್ಳಲ್ಲ. ತಂಗಿ ತಪ್ಪು ವಾದ್ಯ ತಂದಳು ಅಂದ್ರೆ ರೊಕ್ಕ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, "ನಾವು ಮೊದಲ ಹೇಳಿದ್ವಿ" ಅನ್ನಲು ಓಣಿಯಲ್ಲಿ ಜನ ಕಾಯುತ್ತಿರುತ್ತಾರೆ. ನನಗೆ ಆದಾಗ ನಾನೊಬ್ಬನೇ ಸುಮ್ಮನಾದೆ. ಅವಳಿಗೆ ಆದ್ರೆ ಮುಂದಿನ ಸಲ ಏನು ಕೇಳಿದರೂ ಈ ಗಿಟಾರಿನ ಹೆಸರೇ ಬರುತ್ತದೆ.

ಮೆಕಾರ್ಟ್ನಿ ಕಥೆ ಕಾಕಾನಿಗೆ ಹೇಳಿ ಪ್ರಯೋಜನ ಇರಲಿಲ್ಲ. ಗೋಡೆಯ ಪಕ್ಕದ ಹಾರ್ಮೋನಿಯಂ ತೋರಿಸಿದೆ.

"ಕಾಕಾ, ನಿಮ್ಮ ಪೆಟಿಗಿನೂ ಸಣ್ಣ ಮಾಡಿದ್ದ ಐತ್ರಿ."

ನಿಜ ಅದು. ಸುಮಾರು 1840ರ ಹೊತ್ತಿಗೆ ಪ್ಯಾರಿಸಿನಲ್ಲಿ ಅಲೆಕ್ಸಾಂಡ್ರ್ ದೆಬೆನ್ ಮಾಡಿದ ಹಾರ್ಮೋನಿಯಂ ಮೇಜಿನಷ್ಟು ದೊಡ್ಡದು. ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿ ಒತ್ತಬೇಕಿತ್ತು. ನೆಲದ ಮೇಲೆ ಕೂತು ಹಾಡುವ ನಮಗೆ ಅದು ಹೊಂದುವುದಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದನ್ನು ಕಿರಿದು ಮಾಡಿ, ಒಂದು ಕೈಯಲ್ಲಿ ತಿದಿ ಹೊಡೆದು ಇನ್ನೊಂದು ಕೈಯಲ್ಲಿ ಬಾರಿಸುವ ಪೆಟ್ಟಿಗೆ ಮಾಡಿದರು. ಅದನ್ನೂ ದೊಡ್ಡವರು ಹೀಯಾಳಿಸಿದರು. 1940ರಿಂದ ಮೂರು ದಶಕ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವೇ ಇತ್ತು. ಆದರೆ ಆ ಸಣ್ಣ ಪೆಟ್ಟಿಗೆ ಇಲ್ಲದೆ ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ನಡೆಯುತ್ತದೆಯೇ? ಅಪರಾಳ ತಮ್ಮಣ್ಣ ಬರೆದು, ಇದೇ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದು ಮೆರೆಸಿದ ಆಟ ಅದು. ಈಗಲೂ ಮೇಳದಲ್ಲಿ ಹಾರ್ಮೋನಿಯಂ, ತಬಲಾ, ತಾಳ ಇರುತ್ತವೆ.

ಕಾಕಾ ಪೆಟ್ಟಿಗೆಯ ಕಡೆ ನೋಡಿದರು, ಮಾತಾಡಲಿಲ್ಲ. ನಾನು ಮಿರಜದ ಕಡೆ ಹೋದೆ. ಘಟಪ್ರಭಾದಲ್ಲಿ ರೈಲು ಹತ್ತಿದರೆ ಅದೇ ದಾರಿಯಲ್ಲಿ ಸಿಗುವ ಊರು. 19ನೇ ಶತಮಾನದ ನಡುವಿನಲ್ಲಿ ಅಲ್ಲಿ ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ತಂಬೂರಿ, ಸಿತಾರ ಮಾಡುವ ಕಸುಬಿಗೆ ಇಳಿದರು. ಇವತ್ತಿಗೂ ಮಿರಜದ ತಂಬೂರಿ ದೇಶದ ತುಂಬ ಹೆಸರಾದದ್ದು, 2024ರಲ್ಲಿ ಅದಕ್ಕೆ ಜಿಐ ಟ್ಯಾಗೂ ಸಿಕ್ಕಿತು. ಅಲ್ಲಿ ಮೊದಲಿಂದ ತಂಬೂರಿಯನ್ನು ಬೇರೆ ಬೇರೆ ಅಳತೆಯಲ್ಲಿ ಮಾಡ್ತಾರೆ. ಗಂಡು ದನಿಗೆ ದೊಡ್ಡದು, ಹೆಣ್ಣು ದನಿಗೆ ಸಣ್ಣದು, ವಾದ್ಯದವರಿಗೆ ಇನ್ನೂ ಸಣ್ಣ ತಂಬೂರಿ. ಹಾಡುವವರ ಸ್ವರ ಕೇಳಿ ಅಳತೆ ಹೇಳ್ತಾರೆ. ಸಣ್ಣ ತಂಬೂರಿ ಹಿಡಿದವರನ್ನು ನೋಡಿ ಯಾರೂ ಆಟಿಗೆ ಅನ್ನೋದಿಲ್ಲ.

ಇನ್ನೂ ಹತ್ತಿರದ್ದು ಬೇಕಂದ್ರೆ ಚೌಡಿಕೆ. ಯಲ್ಲಮ್ಮನ ಜೋಗತಿಯರ ಬಗಲಲ್ಲಿರುವ ಆ ವಾದ್ಯಕ್ಕೆ ಒಂದೇ ತಂತಿ. ತಳಕ್ಕೆ ಚರ್ಮ ಬಿಗಿದ ಕೊಳಗದಂಥ ಮೈ, ಚರ್ಮದಿಂದ ಹೊರಟ ತಂತಿಯ ಇನ್ನೊಂದು ತುದಿ ಎಡಗೈ ಮುಷ್ಟಿಯಲ್ಲಿ. ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲು ಬಿಟ್ಟರೆ ಕೆಳಗೆ ಜಾರುತ್ತದೆ. ಅದರ 'ಡುಂವ್' ಅನ್ನೋ ಸದ್ದು ಎದೆಯೊಳಗೆ ಹೊಕ್ಕಷ್ಟು ಕೆಳಗಿನದು. ಉದ್ದ ಮೊಳ ಇದ್ದೀತು. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೆವಲ್ಲ, ಆ ಪರಂಪರೆಯ ಹಾಡಿನ ಕೆಳಗೆ ನಡೆಯುವುದು ಈ ಒಂಟಿ ತಂತಿಯ ಸದ್ದೇ. ಕೆಳಗಿನ ಸ್ವರಕ್ಕೆ ದೊಡ್ಡ ಮೈಯೇ ಬೇಕು ಅನ್ನೋ ಮಾತನ್ನು ನಮ್ಮ ಸೀಮೆಯ ಹೆಂಗಸರು ಬಗಲಲ್ಲೇ ಸುಳ್ಳು ಮಾಡಿದ್ದಾರೆ.

ಎಲ್ಲ ಕೇಳಿ ಕಾಕಾ ಅಂದದ್ದು ಇಷ್ಟೇ: "ರೊಕ್ಕದ ಲೆಕ್ಕ ಹೇಳ."

ರೊಕ್ಕದ ಲೆಕ್ಕ

ಆ ಲೆಕ್ಕ ನಿಮಗೂ ಬೇಕಾಗಬಹುದು, ಅದಕ್ಕೆ ಹೇಳ್ತೀನಿ.

ಮೊದಲು ಕೈ ಅಳೆದೆವು. ರಟ್ಟಿನ ಮೇಲೆ 13, 11.5, 11 ಸೆಂಟಿಮೀಟರಿನ ಮೂರು ಜೋಡಿ ಗೆರೆ ಹಾಕಿದೆ. ತೋರುಬೆರಳು ಒಂದು ಗೆರೆಗೆ, ಕಿರುಬೆರಳು ಇನ್ನೊಂದಕ್ಕೆ. 13ರಲ್ಲಿ ಅವಳ ಮಣಿಕಟ್ಟು ಸೊಟ್ಟಗಾಯಿತು. ಹನ್ನೊಂದೂವರೆಯಲ್ಲಿ ಸ್ವಲ್ಪ ಎಳೆದಂತಾದರೂ ಕೈ ನೆಟ್ಟಗಿತ್ತು. ಹಾಗಾಗಿ 30 ಇಂಚು. ಇದೊಂದೇ ಕೊನೆಯ ಮಾತಲ್ಲ. ಕೈ ಸರಿಸಿ ಬಾರಿಸುವ ವಿಧಾನ ಕಲಿತರೆ ಸಣ್ಣ ಕೈಯವರೂ 34 ಇಂಚಿನದನ್ನು ಬಾರಿಸುತ್ತಾರೆ. ಆದರೆ ಕಲಿಸುವವರು ಹತ್ತಿರ ಇಲ್ಲದ ಊರಿನಲ್ಲಿ, ಯೂಟ್ಯೂಬ್ ನೋಡಿ ಒಬ್ಬಳೇ ಕಲಿಯುವವಳಿಗೆ ಮೊದಲ ಆರು ತಿಂಗಳು ನೋವಿಲ್ಲದೆ ಹೋಗಬೇಕು. ಆ ಆರು ತಿಂಗಳಲ್ಲೇ ನಾನು ಬಿಟ್ಟದ್ದು.

ಹೆಸರುಗಳು: ಐಬನೆಝ್ ಮೈಕ್ರೋ 28.6 ಇಂಚು. ಸ್ಕ್ವಾಯರ್ ಬ್ರಾಂಕೊ 30 ಇಂಚು, ಒಂದೇ ಪಿಕಪ್. ಅದೇ ಸ್ಕ್ವಾಯರಿನ ಮಸ್ಟಾಂಗ್ ಕೂಡ 30. ಗ್ರೆಚ್ ಕಂಪನಿಯ ಜೂನಿಯರ್ ಜೆಟ್ ಮೂವತ್ತಕ್ಕೆ ಸ್ವಲ್ಪ ಮೇಲೆ. ಬೆಲೆ ತಿಂಗಳಿಗೊಂದು ಥರ ಇರೋದರಿಂದ ನಾನು ಹೇಳೋದಿಲ್ಲ, ನೀವೇ ನೋಡಿ.

ತಂಗಿಯ ಹದಿನಾಲ್ಕು ಸಾವಿರಕ್ಕೆ ನಾನು ನಾಲ್ಕು ಸಾವಿರ ಸೇರಿಸಿದೆ. ಅವಳು ಸುಮ್ಮನೆ ತಗೊಳ್ಳಲಿಲ್ಲ, ಸಾಲ ಅಂತ ವಹಿಯಲ್ಲಿ ಬರೆಸಿದಳು. ಕೊಲ್ಲಾಪುರದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ವಿದ್ಯಾರ್ಥಿಯ ಹತ್ತಿರ ಹಳೇ ಬ್ರಾಂಕೊ ಸಿಕ್ಕಿತು: 11,500. ಹೊಸ ತಂತಿ 2,000. ಇಯರ್‌ಫೋನ್ ಹಾಕಿಕೊಂಡು ಬಾರಿಸುವ ಸಣ್ಣ ಹೆಡ್‌ಫೋನ್ ಆಂಪ್ 2,000. ಚೀಲ 700. ನೆಕ್, ಬ್ರಿಜ್ ಸರಿಮಾಡಿಸಿದ್ದು 600. ಬಸ್ ಚಾರ್ಜು 400. ಒಟ್ಟು 17,200. ಉಳಿದದ್ದು 800.

ಹಳೆಯದು ತಗೊಳ್ಳುವಾಗ ನಾವು ನೋಡಿದ್ದು ಇವು. ಟೇಪು ಒಯ್ದು ನಟ್‌ನಿಂದ ಹನ್ನೆರಡನೇ ಫ್ರೆಟ್ಟಿನವರೆಗೆ ಅಳೆದೆವು. 15 ಇಂಚು ಬಂತು, ಅದರ ಎರಡರಷ್ಟು ಸ್ಕೇಲ್. ಮಾರುವವರು ಬರೆದದ್ದನ್ನು ನಂಬಬೇಕಾಗಿಲ್ಲ. ಆಮೇಲೆ ನೆಕ್ಕನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕಿದೆಯೇ ನೋಡಿದೆವು. ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿ, ಫೋನಿನ ಟ್ಯೂನರ್ ಆ್ಯಪಿನಲ್ಲಿ ಸ್ವರ ಸರಿ ಬರುತ್ತದೆಯೇ ಪರೀಕ್ಷೆ ಮಾಡಿದೆವು. ವೈರ್ ಹಾಕಿ ಅಲುಗಾಡಿಸಿದಾಗ ಗರಗರ ಅಂತದೆಯೇ ಕೇಳಿದೆವು. ಪಟ್ಟಿ ಕೊರಳಿಗೆ ಹಾಕಿ ಕೈ ಬಿಟ್ಟಾಗ ತಲೆ ಕೆಳಗೆ ಬೀಳುತ್ತದೆಯೇ ನೋಡಿದೆವು. ಕೆಲವು ಬೇಸುಗಳಿಗೆ ಈ ಚಾಳಿ ಇರುತ್ತದೆ, ಎಡಗೈ ಎತ್ತಿ ಹಿಡಿದೇ ದಣಿಯುತ್ತದೆ. ತಂತಿ ತಗೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ಶಾರ್ಟ್ ಸ್ಕೇಲ್ ಅಂತ ಇರಲೇಬೇಕು. ಉದ್ದದ ತಂತಿ ತಂದರೆ ದಪ್ಪ ಭಾಗವೇ ಗೂಟಕ್ಕೆ ಸುತ್ತಬೇಕಾಗಿ ಬಂದು ತಂತಿ ಕೆಡುತ್ತದೆ. ಮನೆಯ ಹೋಮ್ ಥಿಯೇಟರಿಗೆ ಬೇಸ್ ಚುಚ್ಚಬೇಡಿ, ಸ್ಪೀಕರ್ ಹರಿಯಬಹುದು.

ನಾಳೆ ಬಿಡಬೇಕಾಗಿ ಬಂದರೆ? ಅದನ್ನೂ ಕಾಕಾನ ಮುಂದೆಯೇ ಹೇಳಿದೆ. ಹೊಸದು ತಂದು ಮಾರಿದರೆ ಬೆಲೆ ಒಮ್ಮೆಲೇ ಇಳಿಯುತ್ತದೆ, ಹಳೆಯದು ಮೊದಲೇ ಇಳಿದಿರುತ್ತದೆ. ಹೋದರೆ ಒಂದೆರಡು ಸಾವಿರ. ಅಷ್ಟು ಲಾಸನ್ನು ಅವಳು ತಡೆದುಕೊಳ್ಳಬಲ್ಲಳು, ಅಷ್ಟಕ್ಕೆ ಯಾರೂ ಅವಳನ್ನು ಆಡಿಕೊಳ್ಳಬೇಕಾಗಿಲ್ಲ.

ಕಳೆದ ಗುರುವಾರ

ಬೇಸು ಬಂದು ಮೂರು ತಿಂಗಳಾಯಿತು. ತಂಗಿ ಇನ್ನೂ ಬ್ಯಾಂಡಿನಲ್ಲಿ ಬಾರಿಸಿಲ್ಲ. 'ಗೀತಾ' ಹಾಡುಗಳಲ್ಲಿ ಒಂದರ ಅರ್ಧ ಬರುತ್ತದೆ, ಉಳಿದರ್ಧಕ್ಕೆ ಬೆರಳು ಓಡುತ್ತಿಲ್ಲ. ದಪ್ಪ ತಂತಿಯ ಸದ್ದು ಸ್ವಲ್ಪ ಮಸುಕು ಅಂತ ಅವಳದೇ ದೂರು, ಮುಂದಿನ ಸಲ ಒಂದು ನಂಬರ್ ದಪ್ಪದ್ದು ಹಾಕೋಣ ಅಂದಿದ್ದೇವೆ. ಸಾಲದಲ್ಲಿ 1,200 ತೀರಿಸಿದ್ದಾಳೆ. ಮಣಿಕಟ್ಟು ನೋವಿಲ್ಲ.

ಕಳೆದ ಗುರುವಾರ ಮೂಡಲಗಿಗೆ ಹೋದಾಗ ಕಾಕಾ ಭಜನೆಯ ಅಭ್ಯಾಸಕ್ಕೆ ಪೆಟ್ಟಿಗೆ ತೆಗೆದು ಕೂತಿದ್ದರು. ಸ್ವಲ್ಪ ಹೊತ್ತು ಬಾರಿಸಿ, ತಿದಿ ನಿಲ್ಲಿಸಿ, ಒಳಗಿನ ಕೋಣೆಯ ಕಡೆ ಮುಖ ಮಾಡಿ ಕೂಗಿದರು.

"ಏ ತಂಗೀ, ಆ ನಿನ್ನ ಗಿಟಾರ ತಗೊಂಡ ಬಾ ಇಲ್ಲೆ. ಕರಿ ಎರಡರ ಸಾ ಹಿಡಿ. ಬರೇ ಸಾ ಹಿಡಕೊಂಡ ಕುಂದರು, ಓಡಬ್ಯಾಡ."

ಅವಳು ಬಂದು ಚಾಪೆಯ ಮೇಲೆ ಕೂತಳು. ಹೆಡ್‌ಫೋನ್ ಆಂಪಿನಿಂದ ಒಂದು ವೈರ್ ಎಳೆದು ಮಂಡಳಿಯ ಹಳೇ ಆಂಪ್ಲಿಫೈಯರಿಗೆ ಸಣ್ಣ ದನಿಯಲ್ಲಿ ಹಚ್ಚಿದೆವು. ಅರ್ಧ ಗಂಟೆ ಅಪ್ಪ ಹಾಡಿದರು, ಮಗಳು ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದು ಕೂತಿದ್ದಳು. ನಡುವೆ ಒಂದು ಸಲ ತಾನಾಗಿಯೇ ಪಂಚಮಕ್ಕೆ ಹೋಗಿ ಬಂದಳು. ಕಾಕಾ ತಿರುಗಿ ನೋಡಿದರು, ಹಾಡು ನಿಲ್ಲಿಸಲಿಲ್ಲ.

ಅದರ ಅರ್ಧ ನಿಮಿಷದ ರೆಕಾರ್ಡಿಂಗ್ ಈ ಎಪಿಸೋಡಿನ ಕೊನೆಗೆ ಹಾಕಿದ್ದೇನೆ. ಅವರಿಬ್ಬರ ಒಪ್ಪಿಗೆ ತಗೊಂಡಿದ್ದೀನಿ. ಫೋನ್ ಸ್ಪೀಕರಿನಲ್ಲಿ ಕೇಳಿದರೆ ಹಾರ್ಮೋನಿಯಂ ಮಾತ್ರ ಕೇಳಿಸುತ್ತದೆ. ಇಯರ್‌ಫೋನ್ ತೆಗೆದಿದ್ರೆ ಮತ್ತೆ ಹಾಕ್ಕೊಳ್ಳಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ, ನಮಸ್ಕಾರ.